ಮಿಷನ್ ಆಸ್ಪತ್ರೆಯ ಹೆರಿಗೆ ಪುಸ್ತಕ ಮತ್ತು ಲ್ಯಾನ್ಸೆಟ್

ದೇವನೂರು ಅಂದ ಕೂಡಲೇ ಕನ್ನಡ ಓದುವವರಿಗೆಲ್ಲ ದೇವನೂರ ಮಹಾದೇವ ಅವರ ಹೆಸರು ನೆನಪಾಗುತ್ತೆ. ನಂಜನಗೂಡು ತಾಲ್ಲೂಕಿನ ನಮ್ಮೂರು ಹಾಗೆ ಸಾಹಿತ್ಯದ ನಕ್ಷೆಯಲ್ಲಿ ಸೇರಿಹೋಗಿದೆ. ಇವತ್ತಿನ ಬರಹ ಮಾತ್ರ ಸಾಹಿತ್ಯದ್ದಲ್ಲ, ಇನ್ನೊಂದು ಬಗೆಯ ಪ್ರಕಟಣೆಯದ್ದು. ನಮ್ಮ ಮೈಸೂರು ಸೀಮೆಯ ಜನರ ಊಟ, ಹೆರಿಗೆ, ಹೃದಯ, ಸಕ್ಕರೆ ಕಾಯಿಲೆಗಳ ಬಗ್ಗೆ ಹೊರದೇಶದ ವಿಜ್ಞಾನ ಪತ್ರಿಕೆಗಳಲ್ಲಿ ಬಂದ ಬರಹಗಳ ಕತೆ ಇದು. ಆ ಪತ್ರಿಕೆಗಳನ್ನು ಓದುವವರ ನಡುವೆ ಮೈಸೂರು ಅಂದರೆ ಅರಮನೆ, ದಸರಾ ಅಲ್ಲ. ಒಂದು ಆಸ್ಪತ್ರೆಯ ಹೆರಿಗೆ ಪುಸ್ತಕ! ಈ ವಿಷಯ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಮೊದಲು ಒಂದು ಚಿಕ್ಕ ಪೀಠಿಕೆ. ಮೈ ಹೇಗೆ ಕೆಲಸ ಮಾಡುತ್ತೆ ಅನ್ನುವುದನ್ನು ಕಲಿಸುವ ಶಾಸ್ತ್ರಕ್ಕೆ ಶರೀರಕ್ರಿಯಾಶಾಸ್ತ್ರ ಅನ್ನುತ್ತಾರೆ. ಅದರಲ್ಲಿ ಒಂದೊಂದೇ ಅಂಗ, ಒಂದೊಂದೇ ಜೀವಕೋಶ ಹಿಡಿದು ನೋಡುವವರು ಒಂದು ಕಡೆ. ಅವೆಲ್ಲ ಒಟ್ಟಿಗೆ ಸೇರಿ ಹೇಗೆ ನಡೆಯುತ್ತವೆ ಅಂತ ನೋಡುವವರು ಇನ್ನೊಂದು ಕಡೆ. ತಿಂದ ಮುದ್ದೆ ಮೂಳೆಗೆ ಎಷ್ಟು ಸೇರಿತು, ತಾಯಿಯ ರಕ್ತದಲ್ಲಿನ ಸಕ್ಕರೆ ಹೊಟ್ಟೆಯಲ್ಲಿರುವ ಕೂಸಿಗೆ ಏನು ಮಾಡಿತು, ಆ ಕೂಸಿಗೆ ಐವತ್ತು ವರ್ಷ ಆದಾಗ ಅದರ ಹೃದಯ ಹೇಗಿದೆ... ಇಂಥ ಪ್ರಶ್ನೆಗಳು ಇವರದ್ದು. ಇದನ್ನು ಸಮಗ್ರ ಶರೀರಕ್ರಿಯಾಶಾಸ್ತ್ರ ಅನ್ನೋಣ. ಇದಕ್ಕೆ ಸೂಕ್ಷ್ಮದರ್ಶಕಕ್ಕಿಂತ ಹೆಚ್ಚಾಗಿ ಬೇಕಾಗುವುದು ತಕ್ಕಡಿ, ಅಳತೆ ಟೇಪು, ಬರೆದಿಡುವ ಪುಸ್ತಕ ಮತ್ತು ಬೇಕಾದಷ್ಟು ತಾಳ್ಮೆ.

ರಾಗಿಯ ಲೆಕ್ಕ

ಮೈಸೂರಿನ ಚೆಲುವಾಂಬ ಮ್ಯಾನ್ಷನ್ ನೀವು ನೋಡಿರಬಹುದು. 1950ರಲ್ಲಿ ಅಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ, ಅಂದರೆ ನಮ್ಮ ಸಿ.ಎಫ್.ಟಿ.ಆರ್.ಐ. ಶುರುವಾಯಿತು. ಅದರ ಮೊದಲ ನಿರ್ದೇಶಕರು ವಿ. ಸುಬ್ರಹ್ಮಣ್ಯನ್. ಪೋಷಣೆಯ ವಿಭಾಗದಲ್ಲಿ ಎಂ. ಸ್ವಾಮಿನಾಥನ್ ಇದ್ದರು (ಹಸಿರು ಕ್ರಾಂತಿಯ ಎಂ.ಎಸ್. ಸ್ವಾಮಿನಾಥನ್ ಬೇರೆ, ಇವರು ಬೇರೆ). ಇವರೂ ಇವರ ಜೊತೆಯವರೂ ಸೇರಿ ಸರಿಯಾಗಿ ಊಟ ಸಿಗದ ಮಕ್ಕಳ ಬಗ್ಗೆ ಒಂದು ಲೇಖನಮಾಲೆಯನ್ನೇ ಬ್ರಿಟಿಷ್ ಜರ್ನಲ್ ಆಫ್ ನ್ಯೂಟ್ರಿಷನ್ ಪತ್ರಿಕೆಯಲ್ಲಿ ಪ್ರಕಟಿಸಿದರು. 1959ರಲ್ಲಿ ಬಂದ ಒಂದು ಕಂತಿನ ವಿಷಯ ರಾಗಿ. ಬಡ ಸಸ್ಯಾಹಾರಿ ಊಟದಲ್ಲಿ ಅಕ್ಕಿಯ ಬದಲು ಸ್ವಲ್ಪ ಭಾಗ ಅಥವಾ ಪೂರ್ತಿ ರಾಗಿ ಕೊಟ್ಟರೆ ಮಕ್ಕಳ ಮೈಯಲ್ಲಿ ಸಾರಜನಕ, ಕ್ಯಾಲ್ಸಿಯಂ, ರಂಜಕ ಎಷ್ಟು ನಿಲ್ಲುತ್ತೆ ಅನ್ನುವುದು ಪ್ರಶ್ನೆ.

ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ ಅನ್ನುವುದು ಈಗ ಬಿಸ್ಕತ್ತಿನ ಪೊಟ್ಟಣದ ಮೇಲೂ ಇರುತ್ತೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹಳೆಯ ಕೋಷ್ಟಕದ ಪ್ರಕಾರ ನೂರು ಗ್ರಾಂ ರಾಗಿಯಲ್ಲಿ 344 ಮಿಲಿಗ್ರಾಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಬರೀ 10. ಆದರೆ ಕಾಳಿನಲ್ಲಿ ಇದ್ದ ಮಾತ್ರಕ್ಕೆ ಮೈಗೆ ಬಂತು ಅಂತ ಅಲ್ಲವಲ್ಲ? ರಾಗಿಯಲ್ಲಿ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುವ ಫೈಟೇಟ್ ಕೂಡ ಇದೆ. ಎಷ್ಟು ಒಳಗೆ ನಿಂತಿತು ಅಂತ ತಿಳಿಯಬೇಕಾದರೆ ಬಡಿಸಿದ್ದನ್ನೆಲ್ಲ ತೂಗಿ ಬರೆಯಬೇಕು, ತಟ್ಟೆಯಲ್ಲಿ ಬಿಟ್ಟಿದ್ದನ್ನೂ ತೂಗಬೇಕು. ಆಮೇಲೆ ಮಲ, ಮೂತ್ರ ಎರಡನ್ನೂ ದಿನಗಟ್ಟಲೆ ಒಂದಿಷ್ಟೂ ಬಿಡದೆ ಸಂಗ್ರಹಿಸಿ ಪರೀಕ್ಷೆ ಮಾಡಬೇಕು. ಒಳಗೆ ಹೋದದ್ದರಲ್ಲಿ ಹೊರಗೆ ಬಂದದ್ದು ಕಳೆದರೆ ಮೈಯಲ್ಲಿ ನಿಂತದ್ದು ಎಷ್ಟು ಅಂತ ಗೊತ್ತಾಗುತ್ತೆ. ಅಂಗಡಿ ಶೆಟ್ಟರ ಜಮಾ ಖರ್ಚಿನ ಲೆಕ್ಕದಂತೆಯೇ! ಅಕ್ಕಿಯ ಜಾಗಕ್ಕೆ ರಾಗಿ ಬಂದಾಗ ಮಕ್ಕಳ ಮೈಯಲ್ಲಿ ಕ್ಯಾಲ್ಸಿಯಂ ಹೆಚ್ಚು ನಿಂತಿತು ಅನ್ನುವುದು ಆ ಲೆಕ್ಕದಿಂದ ಸಿಕ್ಕ ಉತ್ತರ.

ನಮ್ಮೂರ ಕಡೆ ಅನ್ನ ಅಂದರೆ ಹಬ್ಬದ ಊಟ, ಮುದ್ದೆ ಅಂದರೆ ಬಡವರ ಊಟ ಅನ್ನುವ ಕಾಲ ಇತ್ತು. ಸ್ವಲ್ಪ ಕೈಯಲ್ಲಿ ಕಾಸಾಡಿದ ಕೂಡಲೇ ಮುದ್ದೆ ಬಿಟ್ಟು ಅನ್ನಕ್ಕೆ ಹೋದ ಮನೆಗಳು ಎಷ್ಟೋ. ಆ ಕಾಲದಲ್ಲೇ ಇಲ್ಲಿಂದ ಬರೀ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ದೂರದ ಮೈಸೂರಿನಲ್ಲಿ ಮುದ್ದೆಯ ಪರವಾಗಿ ಇಂಥ ಗಟ್ಟಿ ಸಾಕ್ಷಿ ತಯಾರಾಗಿತ್ತು. ಅದು ಹೋಗಿ ಸೇರಿದ್ದು ಇಂಗ್ಲೆಂಡಿನ ಪತ್ರಿಕೆಯ ಪುಟಕ್ಕೆ.

ಇದೇ ಬಗೆಯ ಲೆಕ್ಕದ ಮುಂದಿನ ಅಧ್ಯಾಯ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನದು. ಪ್ರೋಟೀನು ಕಟ್ಟುವ ಇಟ್ಟಿಗೆಗಳಲ್ಲಿ ಲೈಸಿನ್ ಅಂತ ಒಂದಿದೆ. ಅದನ್ನು ನಮ್ಮ ಮೈ ತಾನೇ ಮಾಡಿಕೊಳ್ಳಲಾರದು, ಊಟದಿಂದಲೇ ಬರಬೇಕು. ಅಕ್ಕಿ, ರಾಗಿ, ಜೋಳಗಳಲ್ಲಿ ಅದು ಕಡಿಮೆ. ಅವರೆ, ಹುರುಳಿ, ತೊಗರಿಯಲ್ಲಿ ಚೆನ್ನಾಗಿದೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳ 1985ರ ವರದಿ ದೊಡ್ಡವರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 12 ಮಿಲಿಗ್ರಾಂ ಲೈಸಿನ್ ಸಾಕು ಅಂದಿತ್ತು. ಸೇಂಟ್ ಜಾನ್ಸ್‌ನ ಅನುರಾ ಕುರ್ಪಾಡ್ ಮತ್ತು ಅಮೆರಿಕದ ಎಂ.ಐ.ಟಿ.ಯ ವರ್ನನ್ ಯಂಗ್ ಇದನ್ನು ಭಾರತೀಯರ ಮೇಲೇ ಅಳೆದು ನೋಡಲು ಕೈಜೋಡಿಸಿದರು. ಗುರುತು ಹಾಕಿದ ಇಂಗಾಲ ಇರುವ ಅಮೈನೋ ಆಮ್ಲವನ್ನು ಮೈಗೆ ಸೇರಿಸಿ, ಇಡೀ ಹಗಲು ರಾತ್ರಿ ಬಿಟ್ಟ ಉಸಿರನ್ನು ಹಿಡಿದು, ಅದರಲ್ಲಿ ಆ ಇಂಗಾಲ ಎಷ್ಟು ಬಂತು ಅಂತ ನೋಡುವ ವಿಧಾನ ಇದು. 2000ದ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕನ್ ಜರ್ನಲ್ ಆಫ್ ಕ್ಲಿನಿಕಲ್ ನ್ಯೂಟ್ರಿಷನ್‌ನಲ್ಲಿ ಒಂದಾದ ಮೇಲೊಂದು ಬರಹ ಬಂತು. 2003ರ ಒಂದು ಬರಹ, ಬಹುಕಾಲದಿಂದ ಅರೆಹೊಟ್ಟೆಯಲ್ಲಿರುವ ಗಂಡಸರ ಹೊಟ್ಟೆಯಲ್ಲಿ ಹುಳು ಇದ್ದರೆ ಲೈಸಿನ್ ಅಗತ್ಯ ಇನ್ನೂ ಹೆಚ್ಚುತ್ತೆ ಅಂತ ತೋರಿಸಿತು.

ಪರಿಣಾಮ ಏನಾಯಿತು ಗೊತ್ತಾ? 2007ರಲ್ಲಿ ಹೊರಬಂದ ಹೊಸ ವಿಶ್ವಸಂಸ್ಥೆ ವರದಿಯಲ್ಲಿ ಆ 12 ಹೋಗಿ 30 ಆಯಿತು. ಅರವತ್ತು ಕಿಲೋ ತೂಗುವ ಒಬ್ಬ ಕೂಲಿಯಾಳಿಗೆ ದಿನಕ್ಕೆ 720 ಮಿಲಿಗ್ರಾಂ ಸಾಕು ಅನ್ನುತ್ತಿದ್ದದ್ದು 1800ಕ್ಕೆ ಏರಿತು. ಹಳೆಯ ಲೆಕ್ಕದಲ್ಲಿ ಬರೀ ಅನ್ನ ತಿಂದವನಿಗೂ ಕೊರತೆ ಕಾಣುತ್ತಿರಲಿಲ್ಲ. ಹೊಸ ಲೆಕ್ಕದಲ್ಲಿ ಬೇಳೆ ಕಾಳು ಇಲ್ಲದ ತಟ್ಟೆಯ ಕೊರತೆ ಎದ್ದು ಕಂಡಿತು. ಬೆಂಗಳೂರಿನಲ್ಲಿ ಹಿಡಿದ ಉಸಿರೂ ಆ ಅಂಕಿ ಬದಲಾಗಲು ಒಂದು ಕಾರಣ. ಪ್ರಕಟಣೆ ಅಂದರೆ ಬರೀ ಪ್ರೊಫೆಸರುಗಳ ಬಡ್ತಿಗೆ ಅಂತ ನಗುವವರು ಇದನ್ನೊಮ್ಮೆ ನೋಡಬೇಕು.

ಹೆರಿಗೆ ಪುಸ್ತಕ

ಈಗ ಮಿಷನ್ ಆಸ್ಪತ್ರೆಗೆ ಬರೋಣ. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಅಂದರೆ ನಮ್ಮ ಕಡೆಯ ಹಳಬರಿಗೆ ತಿಳಿಯುವುದಿಲ್ಲ, ಮಿಷನ್ ಆಸ್ಪತ್ರೆ ಅಂದರೆ ತಿಳಿಯುತ್ತೆ. ವೆಸ್ಲಿಯನ್ ಮಿಷನ್‌ನವರು 1906ರಲ್ಲಿ ತೆರೆದದ್ದು. ಅಲ್ಲಿಯ ಹೆರಿಗೆ ವಾರ್ಡಿನಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಪುಸ್ತಕದಲ್ಲಿ ಬರೆದಿಟ್ಟರು. ಎಷ್ಟೋ ಕಡೆ ತಾಯಿಯ ತೂಕವೂ ಇದೆ. ಬರೆದದ್ದಷ್ಟೇ ಅಲ್ಲ, ಆ ಪುಸ್ತಕಗಳನ್ನು ಎಸೆಯದೆ ಇಟ್ಟುಕೊಂಡರು! ನಮ್ಮ ದೇಶದಲ್ಲಿ ಎರಡನೆಯದೇ ದೊಡ್ಡ ಸಾಧನೆ :-) (ಕಾಕತಾಳೀಯ ನೋಡಿ, ಮುಂದೆ 'ತಾಯಿ ಮಗು' ಬರೆದು ಕನ್ನಡದ ಮನೆಮನೆಗೆ ಹೆರಿಗೆಯ ತಿಳಿವಳಿಕೆ ಮುಟ್ಟಿಸಿದ ಡಾ. ಅನುಪಮಾ ನಿರಂಜನ ಹುಟ್ಟಿದ್ದೂ 1934ರಲ್ಲೇ.)

ಈ ಪುಸ್ತಕಗಳಿಗೆ ಬೆಲೆ ಬಂದದ್ದು ಐದಾರು ದಶಕ ಆದ ಮೇಲೆ, ಅದೂ ಇಂಗ್ಲೆಂಡಿನ ಇನ್ನೊಂದು ಪುಸ್ತಕದ ದೆಸೆಯಿಂದ. ಅಲ್ಲಿಯ ಹರ್ಟ್‌ಫರ್ಡ್‌ಶೈರ್ ಜಿಲ್ಲೆಯಲ್ಲಿ ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್ ಎಂಬ ಅಧಿಕಾರಿಣಿ 1911ರಿಂದ ಸೂಲಗಿತ್ತಿಯರು ಮತ್ತು ದಾದಿಯರ ಕೈಲಿ ಪ್ರತಿ ಮಗುವಿನ ತೂಕ ಬರೆಸಿದ್ದರು. ಸೌತಾಂಪ್ಟನ್ನಿನ ವೈದ್ಯ ಡೇವಿಡ್ ಬಾರ್ಕರ್ ಮತ್ತು ಸಂಗಡಿಗರು ಆ ಪುಸ್ತಕಗಳನ್ನು ಹಿಡಿದು, 1911ರಿಂದ 1930ರ ನಡುವೆ ಹುಟ್ಟಿದ 5,654 ಗಂಡಸರು ಏನಾದರು ಅಂತ ಹುಡುಕಿದರು. ಹುಟ್ಟುವಾಗ ಮತ್ತು ಒಂದು ವರ್ಷದಲ್ಲಿ ಸಣ್ಣಗಿದ್ದವರು ಹೃದಯದ ಕಾಯಿಲೆಯಿಂದ ಹೆಚ್ಚು ಸತ್ತಿದ್ದರು. 1989ರಲ್ಲಿ ಇದು ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಲ್ಯಾನ್ಸೆಟ್ ಅಂದರೆ 1823ರಲ್ಲಿ ಲಂಡನ್ನಿನಲ್ಲಿ ಶುರುವಾದ ವೈದ್ಯಕೀಯ ಪತ್ರಿಕೆ. ಅದರಲ್ಲಿ ಬಂದದ್ದನ್ನು ಒಪ್ಪದವರೂ ಓದುತ್ತಾರೆ.

ಒಪ್ಪದವರು ಬಹಳ ಜನ ಇದ್ದರು. ಹೃದಯದ ಕಾಯಿಲೆ ಅಂದರೆ ಸಿಗರೇಟು, ಕೊಬ್ಬು, ಆಲಸ್ಯ ಅಂತ ಎಲ್ಲರೂ ನಂಬಿದ್ದ ಕಾಲ. ತಾಯಿಯ ಹೊಟ್ಟೆಯಲ್ಲೇ ಅದರ ಬೀಜ ಬಿದ್ದಿರುತ್ತೆ ಅಂದರೆ ಯಾರು ನಂಬುತ್ತಾರೆ? ಅದು ಇಂಗ್ಲೆಂಡಿಗೆ ಮಾತ್ರ ನಿಜವೋ, ಎಲ್ಲ ಕಡೆಯೂ ನಿಜವೋ? ಹಾಗೆ ಕೇಳಿಕೊಂಡು ಹೊರಟವರಿಗೆ ಸಿಕ್ಕಿದ್ದು ಮೈಸೂರಿನ ಪುಸ್ತಕ. ಸೌತಾಂಪ್ಟನ್ನಿನ ಕ್ಯಾರೊಲಿನ್ ಫಾಲ್, ಕ್ಲಾಡಿಯಾ ಸ್ಟೈನ್ ಮತ್ತು ಇಲ್ಲಿಯ ಕೆ. ಕುಮಾರನ್ ಮುಂತಾದವರು ಕೆಲಸಕ್ಕೆ ಇಳಿದರು.

ನಮ್ಮ ಕಡೆಯ ಹೆಸರುಗಳ ಪಾಡು ನಿಮಗೆ ಗೊತ್ತೇ ಇದೆ. ಬೀದಿಗೆ ಹತ್ತು ಮಹದೇವ, ಇಪ್ಪತ್ತು ಮಹದೇವಮ್ಮ. ಮನೆತನದ ಹೆಸರು ಇಲ್ಲ. ಕೂಸಿಗೆ ಹುಟ್ಟಿದ ದಿನ ಹೆಸರೇ ಇರುವುದಿಲ್ಲ, ಪುಸ್ತಕದಲ್ಲಿರುವುದು ಅಪ್ಪ ಅಮ್ಮನ ಹೆಸರು. ಇಂಥಲ್ಲಿ ನಲವತ್ತು ಐವತ್ತು ವರ್ಷದ ಹಿಂದಿನ ಕೂಸನ್ನು ಹುಡುಕುವುದು ಹೇಗೆ? ಆಸ್ಪತ್ರೆಯ ಸುತ್ತಮುತ್ತ ಮನೆಮನೆಗೆ ಹೋಗಿ 'ನೀವು ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿದ್ದಾ?' ಅಂತ ಕೇಳಿದರು. ಹೌದು ಅಂದವರ ತಂದೆ ತಾಯಿಯ ಹೆಸರು, ಹುಟ್ಟಿದ ದಿನ ಎಲ್ಲ ಪುಸ್ತಕದ ಜೊತೆ ತಾಳೆ ಹಾಕಿದರು. 1934ರಿಂದ 1954ರ ನಡುವೆ ಹುಟ್ಟಿದ 517 ಗಂಡಸರು, ಹೆಂಗಸರು ಪರೀಕ್ಷೆಗೆ ಸಿಕ್ಕರು. ಅವರ ಇ.ಸಿ.ಜಿ. ತೆಗೆದರು, ಎದೆನೋವಿನ ವಿವರ ಕೇಳಿದರು.

1996ರಲ್ಲಿ ಇದೂ ಲ್ಯಾನ್ಸೆಟ್‌ನಲ್ಲಿ ಬಂತು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ಇದ್ದವರಲ್ಲಿ ನೂರಕ್ಕೆ ಸುಮಾರು 11 ಜನರಿಗೆ ಹೃದಯದ ಕಾಯಿಲೆ ಇತ್ತು. ಮೂರು ಕಿಲೋ ದಾಟಿ ಚೆನ್ನಾಗಿ ತೂಗುತ್ತಿದ್ದವರಲ್ಲಿ ಅದು ನೂರಕ್ಕೆ 3. ಎಲ್ಲಕ್ಕಿಂತ ಹೆಚ್ಚು, ನೂರಕ್ಕೆ 20, ಕಂಡದ್ದು ಯಾರಲ್ಲಿ ಅಂದರೆ ತಾವೂ ಎರಡೂವರೆ ಕಿಲೋ ಮೀರದೆ, ಬಸುರಿಯಾಗಿದ್ದಾಗ ತಾಯಿಯೂ 45 ಕಿಲೋ ಮುಟ್ಟದವರಲ್ಲಿ. 517 ಸಣ್ಣ ಸಂಖ್ಯೆ. ಅಷ್ಟರೊಳಗೆ ಸತ್ತುಹೋದವರು, ಊರು ಬಿಟ್ಟವರು ಇದರಲ್ಲಿ ಇಲ್ಲ. ಒಂದರ ಜೊತೆ ಇನ್ನೊಂದು ಕಂಡಿತು ಅಂದ ಮಾತ್ರಕ್ಕೆ ಒಂದರಿಂದಲೇ ಇನ್ನೊಂದು ಆಯಿತು ಅಂತಲೂ ಅಲ್ಲ. ಆದರೂ ಮೂವತ್ತು ನಲವತ್ತರ ದಶಕದ ಒಬ್ಬ ಬಸುರಿಯ ತಟ್ಟೆಗೂ, ತೊಂಬತ್ತರ ದಶಕದಲ್ಲಿ ಅವಳ ಮಗನ ಎದೆನೋವಿಗೂ ನಡುವೆ ಒಂದು ಎಳೆ ಇರಬಹುದು ಅನ್ನುವುದನ್ನು ನಮ್ಮ ಮೈಸೂರಿನ ಪುಸ್ತಕವೂ ಹೇಳಿತು.

ಸಕ್ಕರೆ ಕಾಯಿಲೆಯ ವಿಷಯದಲ್ಲಿ ಮಾತ್ರ ಮೈಸೂರು ಇಂಗ್ಲೆಂಡಿನ ದಾರಿ ಹಿಡಿಯಲಿಲ್ಲ. ಅಲ್ಲಿ ಸಣ್ಣಗೆ ಹುಟ್ಟಿದವರಿಗೆ ಡಯಾಬಿಟಿಸ್ ಹೆಚ್ಚು ಅಂತ ಕಂಡಿತ್ತು. ಇಲ್ಲಿ, 1998ರಲ್ಲಿ ಡಯಾಬಿಟಿಕ್ ಮೆಡಿಸಿನ್ ಪತ್ರಿಕೆಯಲ್ಲಿ ಬಂದ ಬರಹದಲ್ಲಿ, ಉದ್ದ ಕಡಿಮೆ ಇದ್ದು ಉದ್ದಕ್ಕೆ ತಕ್ಕುದಕ್ಕಿಂತ ದುಂಡಗೆ ಹುಟ್ಟಿದವರಿಗೆ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಿಗೆ ಕಾಯಿಲೆ ಹೆಚ್ಚು ಇತ್ತು. ನನಗೆ ಇಡೀ ಕತೆಯಲ್ಲಿ ತುಂಬ ಹಿಡಿಸಿದ್ದು ಇದೇ. ಬಾರ್ಕರ್ ಅವರ ಸಿದ್ಧಾಂತ ಲೋಕಪ್ರಸಿದ್ಧ ಆಗುತ್ತಿದ್ದ ಹೊತ್ತಿನಲ್ಲಿ, ಅದಕ್ಕೆ ನೇರವಾಗಿ ಹೊಂದದ ಉತ್ತರ ಮೈಸೂರಿನಿಂದ ಬಂತು. ಅದನ್ನು ಅದೇ ಗುಂಪಿನವರೇ ಮುಚ್ಚಿಡದೆ ಅಚ್ಚು ಹಾಕಿಸಿದರು.

ಈ ಉತ್ತರದಿಂದ ಹೊಸ ಪ್ರಶ್ನೆ ಹುಟ್ಟಿತು. ಆ ತಾಯಂದಿರಿಗೆ ಬಸುರಿಯಲ್ಲೇ ಸಕ್ಕರೆ ಹೆಚ್ಚಿತ್ತೇ? ಹಳೆಯ ಪುಸ್ತಕದಲ್ಲಿ ಅದು ಇಲ್ಲ. ಹಾಗಾಗಿ 1997-98ರಲ್ಲಿ ಅದೇ ಆಸ್ಪತ್ರೆಗೆ ಬಂದ 830 ಬಸುರಿಯರಿಗೆ ಗ್ಲೂಕೋಸ್ ಪರೀಕ್ಷೆ ಮಾಡಿ ಹೊಸ ಪುಸ್ತಕ ತೆರೆದರು. ಪಾರ್ಥೆನಾನ್ ಎಂಬ ಟ್ರಸ್ಟಿನ ದುಡ್ಡು ಇದ್ದದ್ದರಿಂದ ಮೈಸೂರು ಪಾರ್ಥೆನಾನ್ ಅಧ್ಯಯನ ಅಂತ ಹೆಸರಾಯಿತು (ಗ್ರೀಕ್ ದೇವಸ್ಥಾನಕ್ಕೂ ಮೈಸೂರಿಗೂ ಏನು ಸಂಬಂಧ ಅಂತ ತಲೆ ಕೆಡಿಸಿಕೊಳ್ಳಬೇಡಿ). ಜಿ.ವಿ. ಕೃಷ್ಣವೇಣಿ ಮತ್ತು ಜೊತೆಯವರು ಆ ಮಕ್ಕಳನ್ನು ವರ್ಷ ವರ್ಷ ಹಿಂಬಾಲಿಸಿ ಅಳೆದರು. ಬಸುರಿನಲ್ಲಿ ಸಕ್ಕರೆ ಇದ್ದವರು ನೂರಕ್ಕೆ ಸುಮಾರು ಆರು ಜನ. ಅವರ ಮಕ್ಕಳು ಬೆಳೆಯುತ್ತ ಹೆಚ್ಚು ಕೊಬ್ಬು ತುಂಬಿಕೊಂಡರು, ಅವರ ರಕ್ತದಲ್ಲಿ ಇನ್ಸುಲಿನ್ ಹೆಚ್ಚು ಕಂಡಿತು. 2009ರ ಇನ್ನೊಂದು ಬರಹದ ಪ್ರಕಾರ ಆ ಬಸುರಿಯರಲ್ಲಿ ನೂರಕ್ಕೆ 43 ಜನಕ್ಕೆ ಬಿ-12 ಜೀವಸತ್ವ ಕಡಿಮೆ ಇತ್ತು. ಹಾಲು, ಮೊಸರು, ಮೊಟ್ಟೆ, ಮಾಂಸಗಳಲ್ಲಿ ಸಿಗುವ ಜೀವಸತ್ವ ಅದು. ಹಳೆಯ ಪುಸ್ತಕದ ಮಕ್ಕಳನ್ನು ಹುಡುಕುವ ಕೆಲಸವೂ ನಿಲ್ಲಲಿಲ್ಲ. 1966ರವರೆಗೆ ಹುಟ್ಟಿದವರನ್ನು ಸೇರಿಸಿ ಮೂರು ಸಾವಿರಕ್ಕೂ ಹೆಚ್ಚು ಜನ ಆ ಪಟ್ಟಿಗೆ ಸೇರಿದರು.

ಪುಸ್ತಕದಲ್ಲಿ ಇಲ್ಲದವರು

ಈ ಬರಹಗಳನ್ನು ಓದುತ್ತ ನಾನು ನಮ್ಮ ದೊಡ್ಡವ್ವನ್ನ ಕೇಳಿದೆ, "ನಿನ್ನ ಮಕ್ಕಳು ಹುಟ್ಟಿದಾಗ ಎಷ್ಟು ತೂಕ ಇದ್ರು ದೊಡ್ಡವ್ವ?" ಅಂತ. "ಅಯ್ಯೋ ಮಗ, ತೂಕ ಗೀಕ ಯಾರು ನೋಡೋರು ಆಗ? ಕೂಸು ಅತ್ತಿತಾ, ಅಷ್ಟೇಯ" ಅಂದಳು. ಅವಳ ಆರು ಹೆರಿಗೆಯೂ ಊರಲ್ಲೇ, ಸೂಲಗಿತ್ತಿಯ ಕೈಲಿ. ಬಸುರಿ ಹೆಚ್ಚು ಉಂಡರೆ ಕೂಸು ದಪ್ಪಗಾಗಿ ಹೆರಿಗೆ ಕಷ್ಟ ಅಂತ ಆಗಿನವರು ಊಟವನ್ನೂ ಹಿಡಿದು ಬಡಿಸುತ್ತಿದ್ದರಂತೆ. ಗದ್ದೆ ಕೆಲಸ ಮಾತ್ರ ನೋವು ಬರುವ ದಿನದವರೆಗೂ.

ಲ್ಯಾನ್ಸೆಟ್‌ನ ಆ 517 ಜನರಲ್ಲಿ ಇಂಥ ತಾಯಂದಿರ ಮಕ್ಕಳು ಇಲ್ಲ. ಆಸ್ಪತ್ರೆಯಲ್ಲಿ ಹುಟ್ಟಿ, ಆಸ್ಪತ್ರೆಯ ಹತ್ತಿರವೇ ಉಳಿದವರ ಲೆಕ್ಕ ಅದು. ಕಪಿಲಾ ನದಿಯ ಎರಡೂ ದಡದ ಹಳ್ಳಿಗಳಲ್ಲಿ, ನಂಜನಗೂಡಿನಿಂದ ತಿರುಮಕೂಡಲಿನವರೆಗೆ, ಮನೆಯ ಮೂಲೆಯಲ್ಲಿ ಹುಟ್ಟಿದ ಸಾವಿರಾರು ಕೂಸುಗಳು ಯಾವ ಪುಸ್ತಕಕ್ಕೂ ಸೇರಲಿಲ್ಲ. ವಿಜ್ಞಾನಕ್ಕೆ ಬರೆದಿಟ್ಟದ್ದು ಮಾತ್ರ ಕಾಣುತ್ತೆ. ತಾಯಿ 45 ಕಿಲೋ ಇಲ್ಲದಿದ್ದರೆ ಏನಾಗುತ್ತೆ ಅಂತ ಪೇಟೆಯ ಪುಸ್ತಕವೇ ಇಷ್ಟು ಹೇಳಿದೆ ಅಂದಮೇಲೆ, ಬರೆಯದೇ ಹೋದ ಹಳ್ಳಿಯ ಪುಸ್ತಕ ಇನ್ನೇನು ಹೇಳುತ್ತಿತ್ತೋ!

ಇನ್ನೊಂದು ಬಗೆಯಲ್ಲೂ ನಮ್ಮವರು ಹೊರಗೇ ಉಳಿದರು. ಇಂಥ ಪತ್ರಿಕೆಗೆ ಒಂದು ಬರಹ ಹೋದರೆ ಸಂಪಾದಕರು ಅದನ್ನು ಇಬ್ಬರು ಮೂವರು ತಜ್ಞರಿಗೆ ಕಳಿಸುತ್ತಾರೆ. ಅವರು ಲೋಪ ಹುಡುಕುತ್ತಾರೆ, ಪ್ರಶ್ನೆ ಕೇಳುತ್ತಾರೆ, ತಿದ್ದಿಸುತ್ತಾರೆ. ಒಳ್ಳೆಯ ಪದ್ಧತಿ. ಆದರೆ ಅಷ್ಟೆಲ್ಲ ಆಗಿ ಅಚ್ಚಾದ ಮೇಲೆ ಅದು ಇಂಗ್ಲಿಷಿನಲ್ಲಿ, ಬಹಳ ಸಲ ದುಡ್ಡಿನ ಬೀಗದ ಹಿಂದೆ ಇರುತ್ತೆ. ಅಳತೆಗೆ ಮೈ ಕೊಟ್ಟ ಮಂಡಿ ಮೊಹಲ್ಲಾದ ಮಹದೇವಮ್ಮನಿಗೆ ಅದು ಎಟುಕದು. ಬೀಗ ಈಗ ಸ್ವಲ್ಪ ಸಡಿಲವಾಗಿದೆ, ಇಲ್ಲ ಅನ್ನುವಂತಿಲ್ಲ. ಪಾರ್ಥೆನಾನ್ ಅಧ್ಯಯನಕ್ಕೆ ದುಡ್ಡು ಕೊಟ್ಟ ವೆಲ್ಕಮ್ ಟ್ರಸ್ಟ್, ತನ್ನ ನೆರವಿನ ಬರಹಗಳು ಎಲ್ಲರಿಗೂ ಪುಕ್ಕಟೆ ಸಿಗಬೇಕು ಅಂತ 2000ದ ದಶಕದ ನಡುವೆಯೇ ನಿಯಮ ಮಾಡಿತು. ನಮ್ಮ ಸರಕಾರದ 'ಒಂದು ದೇಶ ಒಂದು ಚಂದಾ' ಯೋಜನೆ 2025ರ ಜನವರಿಯಲ್ಲಿ ಶುರುವಾಗಿ, ಸರಕಾರಿ ಕಾಲೇಜು, ಸಂಸ್ಥೆಗಳಲ್ಲಿ ಇರುವವರಿಗೆ ಸುಮಾರು 13,000 ಪತ್ರಿಕೆಗಳ ಬಾಗಿಲು ತೆರೆದಿದೆ. ಆದರೆ ಭಾಷೆಯ ಬೀಗಕ್ಕೆ ಯಾವ ಯೋಜನೆಯೂ ಇಲ್ಲ.

ಹಿಂದೆ ಇತ್ತು ಅನ್ನುವುದೇ ಬೇಸರದ ಸಂಗತಿ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಲ್ಲೇ 'ವಿಜ್ಞಾನ' ಅಂತ ಕನ್ನಡ ಮಾಸಪತ್ರಿಕೆ ಶುರು ಮಾಡಿದ್ದರು. ಅದು ಬಹಳ ಕಾಲ ಬದುಕಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಗಳಿಗೆ ಪ್ರೊಫೆಸರುಗಳು ಹಳ್ಳಿಗಳಿಗೇ ಹೋಗಿ ಕನ್ನಡದಲ್ಲಿ ಮಾತಾಡುತ್ತಿದ್ದರು. ಆ ಮಾತು ಆಮೇಲೆ ಸಣ್ಣ ಪುಸ್ತಕವಾಗಿ ಕಡಿಮೆ ಬೆಲೆಗೆ ಸಿಗುತ್ತಿತ್ತು. ಈಗಲೂ ಕನ್ನಡದಲ್ಲಿ ಆರೋಗ್ಯದ ಬಗ್ಗೆ ಬರೆಯುವವರಿಗೆ ಕೊರತೆ ಇಲ್ಲ. ಆದರೆ ಹೆಚ್ಚಿನದು ಎಲ್ಲೋ ಅಮೆರಿಕದಲ್ಲಿ ಯಾರದೋ ಮೇಲೆ ನಡೆದ ಅಧ್ಯಯನದ ಸುದ್ದಿ. ನಮ್ಮದೇ ಜಿಲ್ಲೆಯ ಜನರ ಮೇಲೆ ಎಂಬತ್ತು ತೊಂಬತ್ತು ವರ್ಷಗಳ ಕಾಲ ನಡೆದ ಲೆಕ್ಕ ನಮಗೆ ಸುದ್ದಿಯೇ ಅಲ್ಲ.

ಬ್ಲಾಗ್ ಬರೆಯುವ ಮಿತ್ರರಲ್ಲಿ ಡಾಕ್ಟರುಗಳು, ಮೇಷ್ಟ್ರುಗಳು, ಪ್ರಯೋಗಾಲಯದಲ್ಲಿ ಇರುವವರು ಬಹಳ ಜನ ಇದ್ದೀರಿ. ನಿಮ್ಮ ನಿಮ್ಮ ಜಿಲ್ಲೆಯ ಜನರ ಮೇಲೆ ಪ್ರಕಟವಾದ ಒಂದೊಂದು ಬರಹ ಆರಿಸಿಕೊಂಡು, ಅದರಲ್ಲಿ ಏನಿದೆ ಅಂತ ಕನ್ನಡದಲ್ಲಿ ಹೇಳಿದರೆ ಎಷ್ಟು ಚೆನ್ನ ಅಲ್ಲವಾ? ಅನುವಾದ ಬೇಡ. ಪಕ್ಕದ ಮನೆಯವರಿಗೆ ಹೇಳುವ ಹಾಗೆ ಹೇಳಿದರೆ ಸಾಕು.

ಹಾಗೇ ಇನ್ನೊಂದು ಮಾತು. ಈಗ ನಮ್ಮೂರಿನ ಬಸುರಿಯರಿಗೂ ತಾಯಿ ಕಾರ್ಡ್ ಬಂದಿದೆ. ತಾಯಿಯ ತೂಕ, ಮಗುವಿನ ತೂಕ ಎಲ್ಲ ಅದರಲ್ಲಿ ಬರೆಯುತ್ತಾರೆ. ಲಸಿಕೆ ಮುಗಿದ ಮೇಲೆ ಆ ಕಾರ್ಡು ಅಟ್ಟ ಸೇರುತ್ತೆ, ಆಮೇಲೆ ಒಲೆ ಸೇರುತ್ತೆ. ದಯವಿಟ್ಟು ಎಸೆಯಬೇಡಿ, ಮಕ್ಕಳ ಮಾರ್ಕ್ಸ್ ಕಾರ್ಡಿನ ಜೊತೆ ಇಡಿ. ಆ ಮಗುವಿಗೆ ಐವತ್ತು ತುಂಬಿ ಡಾಕ್ಟರ ಮುಂದೆ ಕೂತಾಗ, 'ಹುಟ್ಟಿದಾಗ ಎಷ್ಟು ತೂಕ ಇದ್ರಿ?' ಅಂತ ಕೇಳಿದರೆ ತೋರಿಸಲು ಒಂದು ಚೀಟಿಯಾದರೂ ಇರಲಿ.